ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ 50 ಸೀಟಿನ ಪುಟ್ಟ ಜೆಟ್ ಹೇಗಿದೆ? ಹತ್ತಿದವರು ಹೇಳಿ

ಟಿಳಕವಾಡಿ_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತೆ-ಮಾವ ಮೊದಲ ಸಲ ವಿಮಾನ ಹತ್ತಬೇಕು, ಬೆಳಗಾವಿಯಿಂದ ಮುಂಬೈಗೆ. ಬುಕ್ ಮಾಡುವಾಗ ವಿಮಾನ ಎಂಬ್ರೇರ್ 145 ಅಂತ ತೋರಿಸುತ್ತಿದೆ. ಮಾವ ಫೋಟೊ ನೋಡಿದ ಕೂಡಲೇ "ಇಷ್ಟು ಸಣ್ಣದರಾಗ ನಾ ಕೂಡಂಗಿಲ್ಲ, ರೈಲಿಗೆ ಹೋಗೂಣು" ಅಂತ ಹಟ ಹಿಡಿದಿದ್ದಾರೆ. ಸಣ್ಣ ವಿಮಾನ ಜಾಸ್ತಿ ಕುಲುಕುತ್ತದೆ ಅಂತ ಅವರ ದೋಸ್ತ್ ಯಾರೋ ತಲೆಗೆ ತುಂಬಿದ್ದಾರೆ. ಅತ್ತೆಗೆ ಮೊಣಕಾಲು ನೋವು ಬೇರೆ.
ಇದು ಜೆಟ್ಟೋ, ಫ್ಯಾನಿನದೋ? ಹಳೆಯದಾ? ಒಳಗೆ ಹೇಗಿರುತ್ತದೆ? ಸುಮ್ನೆ "ಚೆನ್ನಾಗಿದೆ" ಅನ್ನಬೇಡಿ, ಬಿಡಿಸಿ ಹೇಳಿ. ಮಾವನಿಗೆ ಓದಿ ಹೇಳಬೇಕು.

ರನ್‌ವೇ_ಪಕ್ಕದ_ಮನೆ
ಜೆಟ್ ರೀ. ಬಾಲದ ಹತ್ತಿರ ಎರಡೂ ಕಡೆ ಒಂದೊಂದು ಎಂಜಿನ್. ಫ್ಯಾನಿನದು ಬೇರೆ, ಅದು ಎಟಿಆರ್. ನಮ್ಮ ಮಾಳಿಗೆ ಮೇಲೆ ನಿಂತರೆ ಸದ್ದಿನಲ್ಲೇ ಗೊತ್ತಾಗುತ್ತದೆ.

ಸದಾಶಿವನಗರ_ಅಕ್ಕ
ನಾನು ಕೆಲಸದ ಮೇಲೆ ಆಗಾಗ ಹೋಗುತ್ತಿರುತ್ತೇನೆ. ಒಳಗಿನ ಕತೆ ಹೇಳುತ್ತೇನೆ.

ಬೆಳಗಾವಿಯಲ್ಲಿ ಟರ್ಮಿನಲ್‌ನಿಂದ ವಿಮಾನದ ಹತ್ತಿರ ಹೊರಗಡೆ ನಡೆದೇ ಹೋಗಿ ಹತ್ತಿದ್ದೇನೆ. ಬಾಗಿಲೇ ಕೆಳಗೆ ಮಡಚಿಕೊಂಡು ಮೆಟ್ಟಿಲಾಗುತ್ತದೆ. ಅದಕ್ಕೆ ಬೇರೆ ಏಣಿ ಬೇಡ. ಮೆಟ್ಟಿಲು ಕೆಲವೇ ಇವೆ, ಆದರೆ ಸ್ವಲ್ಪ ಕಡಿದು, ಇಕ್ಕಟ್ಟು. ಹಿಡಿಯಲು ಕಂಬಿ ಇದೆ. ಎತ್ತರದ ಆಳಾದರೆ ಬಾಗಿಲಲ್ಲಿ ತಲೆ ಬಗ್ಗಿಸಲೇಬೇಕು.

ಒಳಗೆ ಎಡಗಡೆ ಒಂದೇ ಸೀಟು, ಬಲಗಡೆ ಎರಡು. ನಡುವೆ ದಾರಿ. ಎಡಗಡೆಯ ಸೀಟು ಸಿಕ್ಕರೆ ಲಾಟರಿ. ಕಿಟಕಿಯೂ ನಿಮ್ಮದೇ, ದಾರಿಯೂ ನಿಮ್ಮದೇ, ಪಕ್ಕದವರು ಮೊಣಕೈ ಹಾಕುವ ಮಾತೇ ಇಲ್ಲ. ನಾನಂತೂ ಅದನ್ನೇ ಹುಡುಕಿ ತಗೋತೀನಿ.

ಬ್ಯಾಗ್ ವಿಷಯ ಮಾತ್ರ ನೆನಪಿಡಿ. ತಲೆ ಮೇಲಿನ ಗೂಡು ಬಲಗಡೆ ಮಾತ್ರ ಇದೆ, ಅದೂ ಸಣ್ಣದು. ಎಡಗಡೆ ಗೂಡೇ ಇಲ್ಲ. ಚಕ್ರದ ಟ್ರಾಲಿ ಬ್ಯಾಗ್ ಅದರಲ್ಲಿ ಹಿಡಿಯಲ್ಲ. ಮೆಟ್ಟಿಲ ಬುಡದಲ್ಲೇ ಇಸಿದುಕೊಂಡು ಹಿಂದಿನ ಡಿಕ್ಕಿಗೆ ಹಾಕುತ್ತಾರೆ. ಗುಳಿಗೆ, ದುಡ್ಡು, ಬಂಗಾರ, ಫೋನು ಕೈಚೀಲದಲ್ಲಿ ಇರಲಿ.

ಟಿಳಕವಾಡಿ_ಹುಡುಗ
ಅಕ್ಕಾರ, ಭಾರಿ ಉಪಕಾರ ಆಯಿತು. ಅತ್ತೆಗೆ ಮೆಟ್ಟಿಲು ಆಗದಿದ್ದರೆ?

ಸದಾಶಿವನಗರ_ಅಕ್ಕ
ಬುಕ್ ಮಾಡುವಾಗಲೇ ಗಾಲಿಕುರ್ಚಿ ಬೇಕು ಅಂತ ಹಾಕಿಬಿಡಿ. ಮೆಟ್ಟಿಲು ಹತ್ತಲು ಆಗುತ್ತದೋ ಇಲ್ಲವೋ ಅಂತಲೂ ತಿಳಿಸಿ. ಎರಡಕ್ಕೂ ಬೇರೆ ಬೇರೆ ವ್ಯವಸ್ಥೆ. ಕೌಂಟರಿಗೆ ಬಂದ ಮೇಲೆ ಹೇಳಿದರೆ ಓಡಾಟ. ಇನ್ನೊಂದು, ಶೌಚಾಲಯ ಹಿಂದಿನ ತುದಿಯಲ್ಲಿದೆ. ಟರ್ಮಿನಲ್‌ನಲ್ಲೇ ಮುಗಿಸಿಕೊಂಡು ಹತ್ತಲು ಹೇಳಿ.

ಉದ್ಯಮಬಾಗ್_ಲೇಥ್
ಮಾವನಿಗೆ ಓದಿ ಹೇಳುತ್ತೀರಿ ಅಂದ್ರಲ್ಲ, ಹಾಗಾದರೆ ವಿಮಾನದ ಜಾತಕವನ್ನೇ ಹೇಳುತ್ತೇನೆ. ನಮ್ಮದು ಮಶಿನ್ ಶಾಪ್, ವಿಮಾನ ಅಂದರೆ ಸಣ್ಣಂದಿನಿಂದ ಹುಚ್ಚು.

ಎಂಬ್ರೇರ್ ಬ್ರೆಜಿಲ್‌ನ ಕಂಪನಿ. 1969ರಲ್ಲಿ ಸರ್ಕಾರ ಶುರು ಮಾಡಿದ್ದು, 1994ರಲ್ಲಿ ಖಾಸಗಿಗೆ ಹೋಯಿತು. ಊರು ಸಾವೊ ಜೋಸೆ ದೋಸ್ ಕಾಂಪೋಸ್. ಅವರ ಹತ್ತಿರ ಮೊದಲು ಬ್ರಸೀಲಿಯಾ ಅಂತ 30 ಸೀಟಿನ ಫ್ಯಾನ್ ವಿಮಾನ ಇತ್ತು. ಅದನ್ನೇ ಉದ್ದ ಎಳೆದು ಜೆಟ್ ಎಂಜಿನ್ ಕೂಡಿಸಿದರೆ ಹೇಗೆ ಅಂತ ಹೊರಟವರು. ಮೊದಲು ಎಂಜಿನ್‌ಗಳನ್ನು ರೆಕ್ಕೆಯ ಮೇಲೆ ಇಡುವ ಯೋಚನೆ. ಅದು ಸರಿ ಬರಲಿಲ್ಲ. ಆಮೇಲೆ ರೆಕ್ಕೆಯ ಕೆಳಗೆ. ವಿಮಾನ ನೆಲಕ್ಕೆ ಹತ್ತಿರ, ಎಂಜಿನ್ ಕೆಳಗೆ ತೂಗಿದರೆ ಚಕ್ರದ ಕಾಲು ಉದ್ದ ಮಾಡಬೇಕು, ತೂಕ ಏರುತ್ತದೆ. ಕೊನೆಗೆ ಬಾಲಕ್ಕೆ ಕೂಡಿಸಿದರು. ಬಾಲದ ಅಡ್ಡರೆಕ್ಕೆ ಎಂಜಿನ್ ಗಾಳಿಗೆ ಸಿಗಬಾರದು ಅಂತ ಅದನ್ನು ತುದಿಗೆ ಏರಿಸಿದರು. ಹಿಂದಿನಿಂದ ನೋಡಿದರೆ ಇಂಗ್ಲಿಷಿನ ಟಿ ಅಕ್ಷರ.

ಮೊದಲ ಹಾರಾಟ 1995ರ ಆಗಸ್ಟ್. 1997ರಲ್ಲಿ ಅಮೆರಿಕದ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ ಸೇವೆಗೆ ಇಳಿಸಿತು. ಉದ್ದ ಸುಮಾರು 30 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 20 ಮೀಟರ್. ಉದ್ದ ಜಾಸ್ತಿ, ಅಗಲ ಕಡಿಮೆ, ಅದಕ್ಕೇ ಫೋಟೊದಲ್ಲಿ ಕಡ್ಡಿ ಹಾಗೆ ಕಾಣುತ್ತದೆ. 37 ಸಾವಿರ ಅಡಿ ತನಕ ಹಾರಬಲ್ಲದು. ವೇಗ ಗಂಟೆಗೆ 800 ಕಿ.ಮೀ. ಮೇಲೆ. ಇದರ ತಮ್ಮಂದಿರು ಇಬ್ಬರು, 37 ಸೀಟಿನ 135 ಮತ್ತು 44 ಸೀಟಿನ 140.

ಎಂಜಿನ್ ರೋಲ್ಸ್ ರಾಯ್ಸ್ ಎಇ 3007. ಇದರ ಒಳಗಿನ ತಿರುಳು ಮತ್ತು ನಮ್ಮ ವಾಯುಪಡೆಯ ಸಿ-130ಜೆ ಸರಕು ವಿಮಾನದ ಎಂಜಿನ್ ತಿರುಳು ಒಂದೇ ಮನೆತನದವು. ಮಾವನಿಗೆ ಇದನ್ನು ತಪ್ಪದೆ ಹೇಳಿ.

ಹುಬ್ಬಳ್ಳಿ_ಬೈಪಾಸ್
ಎಲ್ಲಾ ಸರಿ, ಆದರೆ ಇದೇ ವಿಮಾನ ಮೊದಲು ಹುಬ್ಬಳ್ಳಿಗೆ ಬಂತು ಅನ್ನೋದನ್ನು ಬೆಳಗಾವಿಯವರು ಹೇಳಲ್ಲ ನೋಡಿ 😄 ಇದನ್ನು ಓಡಿಸುವ ಸ್ಟಾರ್ ಏರ್ ಕಂಪನಿ 2019ರ ಜನವರಿಯಲ್ಲಿ ಶುರುವಾದಾಗ ಮೊದಲು ಹಾರಿದ್ದೇ ಬೆಂಗಳೂರು-ಹುಬ್ಬಳ್ಳಿ.

ರನ್‌ವೇ_ಪಕ್ಕದ_ಮನೆ
ಬಂದ್ರಾ. ಇನ್ನೂ ಯಾಕೆ ಬರಲಿಲ್ಲ ಅಂತ ನೋಡ್ತಿದ್ದೆ.

ಎ320_ಅಭಿಮಾನಿ
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಇನ್ನೊಂದು ಕಡೆ ಹೇಳುತ್ತೇನೆ. ಇವು ಸೆಕೆಂಡ್ ಹ್ಯಾಂಡ್. ಅಮೆರಿಕದಲ್ಲಿ ಎಣ್ಣೆ ರೇಟು ಏರಿದ ಮೇಲೆ 50 ಸೀಟಿನ ಜೆಟ್‌ಗಳನ್ನು ಸಾಲುಸಾಲಾಗಿ ಮರುಭೂಮಿಯಲ್ಲಿ ನಿಲ್ಲಿಸಿದರು. ಅವರು ಬೇಡ ಅಂದಿದ್ದನ್ನು ನಾವು ತಂದು ಹಾರ ಹಾಕುವುದಾ? ಬೆಳಗಾವಿಗೆ 2300 ಮೀಟರ್ ರನ್‌ವೇ ಇದೆ. ಏರ್‌ಬಸ್ ಬಂದು ಇಳಿಯುತ್ತದೆ. ನಮಗೆ ದೊಡ್ಡ ವಿಮಾನ ಬೇಕು, ಆಟಿಗೆ ಅಲ್ಲ.

ಮಾಜಿ_ಏರ್‌ಮನ್
ಎ320_ಅಭಿಮಾನಿ ಅವರೇ, ಆಟಿಗೆ ಅನ್ನಬೇಡಿ. ಇದೇ ಎಂಬ್ರೇರ್ 145ರ ಬೆನ್ನ ಮೇಲೆ ಉದ್ದನೆಯ ರಾಡಾರ್ ಕೂಡಿಸಿ ನಮ್ಮ ಡಿಆರ್‌ಡಿಒ ನೇತ್ರ ಅಂತ ಕಣ್ಗಾವಲು ವಿಮಾನ ಮಾಡಿದೆ. ಕೆಲಸ ಆಗಿದ್ದು ಬೆಂಗಳೂರಿನ ಕ್ಯಾಬ್ಸ್ ಲ್ಯಾಬಿನಲ್ಲಿ. 2017ರ ಏರೋ ಇಂಡಿಯಾದಲ್ಲಿ ವಾಯುಪಡೆಗೆ ಕೊಟ್ಟರು. 2019ರಲ್ಲಿ ಬಾಲಾಕೋಟ್ ದಾಳಿಯ ಹೊತ್ತಿನಲ್ಲಿ ಅದು ಮೇಲೆ ಕಾವಲಿತ್ತು. ಅದರ ಅಣ್ಣತಮ್ಮಂದಿರಲ್ಲೇ ಒಂದಾದ ಲೆಗಸಿ ವಿಮಾನದಲ್ಲಿ ನಮ್ಮ ದೊಡ್ಡ ದೊಡ್ಡ ಮಂತ್ರಿಗಳೂ ಓಡಾಡಿದ್ದಾರೆ.

ಸಾಂಬ್ರಾ ನನಗೆ ತವರು ಇದ್ದ ಹಾಗೆ. ಅಲ್ಲಿನ ಏರ್‌ಮೆನ್ ಟ್ರೇನಿಂಗ್ ಸ್ಕೂಲಿನಲ್ಲೇ ನಾನು ಡ್ರಿಲ್ ಮಾಡಿದ್ದು. 1942ರಲ್ಲಿ ಬ್ರಿಟಿಷ್ ವಾಯುಪಡೆ ಕಟ್ಟಿದ ನೆಲ ಅದು. ಉತ್ತರ ಕರ್ನಾಟಕದಲ್ಲೇ ಹಳೆಯದು. ಹುಬ್ಬಳ್ಳಿಯವರು ಗಮನಿಸಬೇಕು.

ಹುಬ್ಬಳ್ಳಿ_ಬೈಪಾಸ್
ಗಮನಿಸಿದೆವು ಸರ್. ಹಳೆಯದು ಅಂತ ಒಪ್ಪಿದೆವು. ಅಷ್ಟೇ.

ಉದ್ಯಮಬಾಗ್_ಲೇಥ್
ಸೆಕೆಂಡ್ ಹ್ಯಾಂಡ್ ಅನ್ನೋದು ನಿಜ. ಸೆಕೆಂಡ್ ಹ್ಯಾಂಡ್ ಅಂದ ಕೂಡಲೇ ಕೆಟ್ಟದ್ದು ಅನ್ನೋದು ಸರಿಯಲ್ಲ. ವಿಮಾನದ ವಯಸ್ಸನ್ನು ಬರೀ ವರ್ಷದಲ್ಲಿ ಅಳೆಯಲ್ಲ, ಎಷ್ಟು ಸಲ ಏರಿ ಇಳಿದಿದೆ ಅಂತ ಲೆಕ್ಕ ಇಡುತ್ತಾರೆ. ಮೇಲೆ ಹೋದಾಗ ಒಳಗಿನ ಗಾಳಿಯ ಒತ್ತಡಕ್ಕೆ ಮೈ ಉಬ್ಬುತ್ತದೆ, ಇಳಿದಾಗ ಮೊದಲಿನಂತೆ ಆಗುತ್ತದೆ. ಈ ಉಬ್ಬು-ತಗ್ಗಿನಲ್ಲೇ ಲೋಹ ದಣಿಯುವುದು. ಅದಕ್ಕೇ ಇಂತಿಷ್ಟು ಹಾರಾಟಕ್ಕೆ ಈ ಚೆಕ್, ಇಂತಿಷ್ಟಕ್ಕೆ ಆ ಚೆಕ್ ಅಂತ ಬರೆದಿಟ್ಟಿರುತ್ತದೆ. ದೊಡ್ಡ ಚೆಕ್‌ನಲ್ಲಿ ಸೀಟು, ನೆಲ, ಒಳಗೋಡೆ ಎಲ್ಲಾ ಕಿತ್ತು ಬಿರುಕು ಹುಡುಕುತ್ತಾರೆ. ಚಕ್ರದ ಕಾಲನ್ನೂ ಅವಧಿ ಮುಗಿದ ಮೇಲೆ ಬಿಚ್ಚಿ ಓವರ್‌ಹಾಲ್ ಮಾಡಬೇಕು. ಕಾಗದ ಇಲ್ಲದೆ ಒಂದು ಬೋಲ್ಟ್ ಕೂಡ ಹಾಕಂಗಿಲ್ಲ.

ಈ ಕಾಗದದ ಕಾಟ ನಮ್ಮ ಊರಿಗೆ ಹೊಸದಲ್ಲ. ಹತ್ತರಗಿಯ ಏಕಸ್ ವಲಯದಲ್ಲಿ ಏರ್‌ಬಸ್, ಬೋಯಿಂಗ್‌ಗೆ ಬಿಡಿಭಾಗ ಮಾಡುತ್ತಾರೆ. ಅಲ್ಲಿ ಕೆಲಸ ಮಾಡುವ ಹುಡುಗರನ್ನು ಕೇಳಿ. ಒಂದು ಪೀಸ್ ಮೈಕ್ರಾನ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಆದರೆ ಅದು ಯಾವ ಲೋಹದ ಬಾರಿನಿಂದ ಬಂತು, ಯಾವ ಮಶಿನ್, ಯಾವ ಶಿಫ್ಟ್, ಎಲ್ಲಾ ಹಿಂದಕ್ಕೆ ಹುಡುಕುತ್ತಾರೆ.

ಬೋಗಾರವೇಸ್_ಪೋರ
ಹತ್ತರಗಿಯಲ್ಲಿ ವೆಲ್ಡರ್‌ಗೆ ಕೆಲಸ ಇದೆಯಾ ಅಣ್ಣಾ? ನಮ್ಮ ತಮ್ಮ ಐಟಿಐ ಮುಗಿಸಿದ್ದಾನೆ.

ಉದ್ಯಮಬಾಗ್_ಲೇಥ್
ತಮ್ಮಾ, ಅಲ್ಲಿ ಜಾಸ್ತಿ ಬೇಕಿರೋದು ಸಿಎನ್‌ಸಿ ಬಲ್ಲವರು. ಫಿಟ್ಟರ್, ಟರ್ನರ್, ಮಶಿನಿಸ್ಟ್ ಆದರೆ ಒಳ್ಳೆಯದು. ನನಗೆ ಮೆಸೇಜ್ ಮಾಡು.

ಲೆಕ್ಕದ_ಮನುಷ್ಯ
ಎ320_ಅಭಿಮಾನಿ ಹೇಳಿದ್ದಕ್ಕೆ ಉತ್ತರ ದುಡ್ಡಿನಲ್ಲಿದೆ, ಅಭಿಮಾನದಲ್ಲಿ ಇಲ್ಲ. ಏರ್‌ಬಸ್ 320ರಲ್ಲಿ 180 ಸೀಟು. ಬೆಳಗಾವಿಯಿಂದ ದಿನಾ ಬೆಳಿಗ್ಗೆ ಇಂದೋರಿಗೋ ನಾಸಿಕಕ್ಕೋ 180 ಜನ ಎಲ್ಲಿ ಸಿಗಬೇಕು? ಅರ್ಧ ಖಾಲಿ ಹಾರಿದರೆ ಕೆಲವೇ ದಿನದಲ್ಲಿ ಕಂಪನಿ ಗಂಟುಮೂಟೆ ಕಟ್ಟುತ್ತದೆ. ಇದನ್ನು ನಾವು ನೋಡಿದ್ದೇವೆ. 2018ರಲ್ಲಿ ಹುಬ್ಬಳ್ಳಿಗೆ ಉಡಾನ್ (ಸಣ್ಣ ಊರುಗಳಿಗೆ ಕಡಿಮೆ ದರದ ವಿಮಾನ ಬಿಡುವ ಕೇಂದ್ರದ ಯೋಜನೆ) ಸಿಕ್ಕಿತು, ವಿಮಾನಗಳು ಅತ್ತ ಹೋದವು, ಸಾಂಬ್ರಾ ಬಣಬಣ. ಹೊಸ ಟರ್ಮಿನಲ್ ಕಟ್ಟಿ ಉದ್ದ ರನ್‌ವೇ ಮಾಡಿ 2017ರ ಸೆಪ್ಟೆಂಬರಿನಲ್ಲಿ ಉದ್ಘಾಟನೆ ಆಗಿತ್ತು. ವರ್ಷ ತುಂಬುವ ಮೊದಲೇ ಈ ಗತಿ.

2019ರಲ್ಲಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಬೆಳಗಾವಿ ಸೇರಿತು. ಆಗ ಬಂದಿದ್ದು ಈ 50 ಸೀಟಿನ ಜೆಟ್. ಅಹಮದಾಬಾದ್, ಇಂದೋರ್, ಮುಂಬೈ, ಸೂರತ್, ತಿರುಪತಿ, ನಾಸಿಕ, ಜೋಧಪುರ ಅಂತ ಒಂದೊಂದೇ ಊರು ಕೂಡಿತು. ಬಟ್ಟೆ ವ್ಯಾಪಾರದವರು ಸೂರತ್‌ಗೆ ಬೆಳಿಗ್ಗೆ ಹೋಗಿ ಕೆಲಸ ಮುಗಿಸುವುದು ಮೊದಲು ಕನಸಾಗಿತ್ತು.

ಉಡಾನ್ ಹೇಗೆ ನಡೆಯುತ್ತದೆ ಅಂದರೆ, ವಿಮಾನದ ಅರ್ಧ ಸೀಟಿಗೆ ದರದ ಮಿತಿ ಇರುತ್ತದೆ. ಯೋಜನೆ ಶುರುವಾದಾಗ ಒಂದು ಗಂಟೆಯ ಹಾರಾಟಕ್ಕೆ 2500 ರೂಪಾಯಿ ಅಂತ ಇಟ್ಟಿದ್ದರು. ಕಂಪನಿಗೆ ಆಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿ ಕೊಡುತ್ತದೆ. ಅಲ್ಲಿಯ ತನಕ ಆ ದಾರಿಯಲ್ಲಿ ಬೇರೆ ಕಂಪನಿ ಬರುವಂತಿಲ್ಲ. ಮೂರು ವರ್ಷ ಮುಗಿದ ಮೇಲೆ ಅಸಲಿ ಪರೀಕ್ಷೆ. ಕೆಲವು ದಾರಿ ಉಳಿಯುತ್ತವೆ, ಕೆಲವು ಮುಚ್ಚುತ್ತವೆ.

ಎ320_ಅಭಿಮಾನಿ
ಅದೇ ರೀ ನಾನು ಹೇಳೋದು. ಸಬ್ಸಿಡಿ ಇದ್ದರೆ ಮಾತ್ರ ಹಾರುವ ವಿಮಾನ ಎಂಥ ವಿಮಾನ? 50 ಜನರಿಗೂ ಪೈಲಟ್ ಇಬ್ಬರು, 180 ಜನರಿಗೂ ಇಬ್ಬರೇ. ಸಂಬಳ ಹಂಚಿದರೆ ತಲೆಗೆ ಎಷ್ಟು ಬೀಳುತ್ತದೆ ನೋಡಿ. 2023ರಲ್ಲಿ ದೆಹಲಿಗೆ ಏರ್‌ಬಸ್ ಬಂತು, ಜನ ತುಂಬಲಿಲ್ವಾ?

ಲೆಕ್ಕದ_ಮನುಷ್ಯ
ದೆಹಲಿಗೆ ತುಂಬುತ್ತದೆ, ಬೆಂಗಳೂರಿಗೂ ತುಂಬಬಹುದು. ಜೋಧಪುರಕ್ಕೆ ತುಂಬಿಸಿ ತೋರಿಸಿ ನೋಡೋಣ. ತಲೆಲೆಕ್ಕದಲ್ಲಿ ಖರ್ಚು ಜಾಸ್ತಿ ಅನ್ನೋದು ಒಪ್ಪಿದೆ. ಒಟ್ಟು ಖರ್ಚು ಕಡಿಮೆ ಅನ್ನೋದನ್ನು ನೀವು ನೋಡುತ್ತಿಲ್ಲ. ಐದು ಜನ ಹೋಗುವ ಕಡೆ ಟೆಂಪೋ ಟ್ರಾವೆಲರ್ ಓಡಿಸಬೇಕು, ವೋಲ್ವೊ ಅಲ್ಲ.

ಇನ್ನೂ ಒಂದು ವಿಷಯ, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ನಮ್ಮ ದೇಶದಲ್ಲಿ 40 ಟನ್‌ಗಿಂತ ಕಡಿಮೆ ತೂಕದ ವಿಮಾನಗಳ ಇಂಧನಕ್ಕೆ ಮಾರಾಟ ತೆರಿಗೆ ತೀರಾ ಕಡಿಮೆ. ದೊಡ್ಡ ವಿಮಾನಕ್ಕೆ ಆದರೆ ರಾಜ್ಯಗಳು ಬೇಕಾದಷ್ಟು ಜಡಿಯುತ್ತವೆ. 80 ಸೀಟಿನ ಒಳಗಿನ ವಿಮಾನಕ್ಕೆ ಇಳಿಯುವ ಶುಲ್ಕದಲ್ಲೂ ವಿನಾಯಿತಿ ಇದೆ. ಎಂಬ್ರೇರ್ 145 ತುಂಬಿದ ತೂಕ ಸುಮಾರು 22 ಟನ್. ಅವರ ದೊಡ್ಡಣ್ಣ ಇ175 ಕೂಡ 40ರ ಒಳಗೇ ಬರುತ್ತದೆ, ಸೀಟು 76. ಯಾಕೆ ಈ ಅಳತೆ ಅಂತ ಈಗ ತಿಳೀತಾ?

ಸದಾಶಿವನಗರ_ಅಕ್ಕ
ಇ175 ಅಂದ್ರಲ್ಲ, ಟಿಳಕವಾಡಿ ತಮ್ಮಾ, ಬುಕ್ ಮಾಡುವಾಗ ಯಾವುದು ಅಂತ ನೋಡಿಕೊಳ್ಳಿ. ಸ್ಟಾರ್ ಏರ್ 2023ರಲ್ಲಿ ಅದನ್ನೂ ತಂದಿದೆ. ಅದರಲ್ಲಿ ಮುಂದೆ 12 ಬಿಸಿನೆಸ್ ಸೀಟು, ಹಿಂದೆ 64. ಸಾಮಾನ್ಯ ಸೀಟು ಎರಡೆರಡು, ನಡುವಿನ ಸೀಟು ಅನ್ನೋದೇ ಇಲ್ಲ. ಒಳಗೆ ನೇರ ನಿಂತು ನಡೆಯಬಹುದು, ಕಿಟಕಿ ದೊಡ್ಡದು, ಬ್ಯಾಗ್ ಗೂಡು ಎರಡೂ ಕಡೆ. ಮಾವನವರಿಗೆ ದೊಡ್ಡ ವಿಮಾನದ ಹಾಗೇ ಅನ್ನಿಸುತ್ತದೆ.

ರನ್‌ವೇ_ಪಕ್ಕದ_ಮನೆ
ಅದರ ಎಂಜಿನ್ ರೆಕ್ಕೆ ಕೆಳಗೆ. ಸದ್ದೂ ಬೇರೆ. ಬೆಳಿಗ್ಗೆ ಅದು ಬಂದರೆ ನಮ್ಮ ನಾಯಿ ಏಳಲ್ಲ, 145 ಬಂದರೆ ಎದ್ದು ಬೊಗಳುತ್ತದೆ.

ಬಾಗಲಕೋಟೆ_ಬಸ್‌ಸ್ಟ್ಯಾಂಡ್
ನಾವು ಬಾಗಲಕೋಟೆಯವರು ಸುಮ್ನೆ ಓದಿಕೊಂಡು ಹೋಗುವುದಾ? ನಮಗೆ ಯಾವುದೂ ಇಲ್ಲ. ಹುಬ್ಬಳ್ಳಿಗೆ ಹೋಗಬೇಕು, ಇಲ್ಲಾ ಸಾಂಬ್ರಾಕ್ಕೆ ಬರಬೇಕು. ಎರಡೂ ಕಡೆ ಮೂರು ತಾಸಿನ ಲೆಕ್ಕ. ಮೂರು ತಾಸು ಕಾರಿನಲ್ಲಿ ಕೂತು, ಒಂದು ತಾಸು ಮೊದಲೇ ಬಂದು ಕಾದು, ಒಂದು ತಾಸು ಹಾರುವುದು. ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಪರದೇಶದವರು ಬರುತ್ತಾರೆ, ಅವರದೂ ಇದೇ ಪಾಡು.

ಗುಮ್ಮಟನಗರಿ
ನಿಮ್ಮದು ಮೂರು ತಾಸು, ನಮ್ಮದು ಕೇಳಬೇಡಿ. ಕಲಬುರಗಿಗೆ ಹೋದರೂ ದೂರ, ಬೆಳಗಾವಿಗೆ ಬಂದರೆ 200 ಕಿ.ಮೀ. ನಮ್ಮ ವಿಜಯಪುರದ ವಿಮಾನ ನಿಲ್ದಾಣಕ್ಕೆ 2021ರಲ್ಲಿ ಅಡಿಗಲ್ಲು ಬಿತ್ತು. ಮೊದಲು ಎಟಿಆರ್ ಇಳಿಯುವಷ್ಟು ಅಂತ ಇತ್ತು, ಆಮೇಲೆ ಏರ್‌ಬಸ್ ಇಳಿಯಬೇಕು ಅಂತ ನಕ್ಷೆ ಬದಲಾಯಿಸಿದರು. ಎ320_ಅಭಿಮಾನಿಗೆ ಖುಷಿ ಆಗಬಹುದು. ನಮಗಂತೂ ಏನಾದರೊಂದು ಇಳಿದರೆ ಸಾಕು.

ಬಾಗಲಕೋಟೆ_ಬಸ್‌ಸ್ಟ್ಯಾಂಡ್
ನಿಮಗೆ ರನ್‌ವೇ ಆದರೂ ಇದೆ ಕಾಕಾ.

ಮಾಜಿ_ಏರ್‌ಮನ್
ರನ್‌ವೇ ಉದ್ದ ಮಾಡಿದ್ದು ಒಳ್ಳೆಯದೇ. ಎಂಬ್ರೇರ್ 145ರ ಒಂದು ಗುಣ ಹೇಳುತ್ತೇನೆ. ನೋಡಲು ಸಣ್ಣದು, ಆದರೆ ಓಟ ಜಾಸ್ತಿ ಬೇಕು. ದೊಡ್ಡ ವಿಮಾನಗಳ ರೆಕ್ಕೆಯ ಮುಂದಿನ ಅಂಚು ಇಳಿಯುವಾಗ ಏರುವಾಗ ಮುಂದಕ್ಕೆ ಸರಿದು ಬಾಗುತ್ತದೆ ನೋಡಿ, ಸ್ಲ್ಯಾಟ್ ಅನ್ನುತ್ತಾರೆ. ನಿಧಾನದಲ್ಲೂ ಎತ್ತುವ ಶಕ್ತಿ ಬರಲಿ ಅಂತ. 145ರ ರೆಕ್ಕೆಯಲ್ಲಿ ಅದಿಲ್ಲ, ಹಿಂದಿನ ಫ್ಲ್ಯಾಪ್ ಮಾತ್ರ. ಹಾಗಾಗಿ ಜಾಸ್ತಿ ವೇಗದಲ್ಲಿ ಏರಬೇಕು. ಪೂರ್ತಿ ಭಾರ ಹೊತ್ತರೆ ಎರಡು ಕಿ.ಮೀ.ಗೂ ಮೇಲೆ ರನ್‌ವೇ ಕೇಳುತ್ತದೆ.

ಅದರ ಮೇಲೆ ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 2500 ಅಡಿ ಮೇಲಿದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಏಪ್ರಿಲ್-ಮೇ ಬಿಸಿಲಿನಲ್ಲಿ ಇನ್ನೂ ತೆಳು. ಎಂಜಿನ್‌ಗೂ ರೆಕ್ಕೆಗೂ ಎರಡಕ್ಕೂ ಕಷ್ಟ. ಹಳೆಯ ರನ್‌ವೇ 1830 ಮೀಟರ್ ಇತ್ತು. ಅದರಲ್ಲಿ ಮಧ್ಯಾಹ್ನದ ಹೊತ್ತು ಪೂರ್ತಿ ತುಂಬಿದ 145 ದೂರದ ಊರಿಗೆ ಹೊರಡುವುದು ಕಷ್ಟವೇ ಇತ್ತು.

ಟಿಳಕವಾಡಿ_ಹುಡುಗ
ಸರ್, ಇದನ್ನು ಮಾವನಿಗೆ ಓದಿ ಹೇಳಲ್ಲ 🙏

ಮಾಜಿ_ಏರ್‌ಮನ್
ಹೇಳಿ, ಹೆದರುವ ಮಾತೇ ಇಲ್ಲ. ಪ್ರತಿ ಹಾರಾಟಕ್ಕೂ ಅವತ್ತಿನ ಬಿಸಿಲು, ಗಾಳಿ, ಜನ, ಲಗೇಜು, ಇಂಧನ ಎಲ್ಲಾ ಕೂಡಿಸಿ ಲೆಕ್ಕ ಮಾಡಿಯೇ ಹೊರಡುವುದು. ಭಾರ ಜಾಸ್ತಿ ಅನ್ನಿಸಿದರೆ ಇಳಿಸುತ್ತಾರೆ. ಮುಂಬೈ ನೇರ ಅಳೆದರೆ 400 ಕಿ.ಮೀ. ಮಾತ್ರ, ಇಂಧನ ಕಡಿಮೆ ಸಾಕು, ವಿಮಾನ ಹಗುರ. ಸುಮಾರು 30 ವರ್ಷದಿಂದ ದೇಶ ದೇಶಗಳಲ್ಲಿ ಹಾರುತ್ತಿರುವ ಮಾದರಿ ಇದು. ಸುರಕ್ಷತೆಯಲ್ಲಿ ಒಳ್ಳೆ ಹೆಸರಿದೆ.

ಕುಲುಕುವ ಮಾತಿಗೆ ಬಂದರೆ, ಕುಲುಕುವುದು ಮೋಡ ಮತ್ತು ಗಾಳಿಯಿಂದ. ಹಗುರ ವಿಮಾನಕ್ಕೆ ಅದು ಸ್ವಲ್ಪ ಜಾಸ್ತಿ ತಿಳಿಯುತ್ತದೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಯಾವ ವಿಮಾನವೂ ಸುಮ್ಮನಿರಲ್ಲ. ಜೆಟ್ಟಿಗೆ ಇರುವ ಅನುಕೂಲ ಅಂದರೆ ಎಟಿಆರ್‌ಗಿಂತ ಬೇಗ, ಜಾಸ್ತಿ ಮೇಲೆ ಹೋಗುತ್ತದೆ. ಬೆಳಗಿನ ಹೊತ್ತು ಗಾಳಿ ಶಾಂತ, ಆಗಿನ ವಿಮಾನ ಹಿಡಿಯಿರಿ.

ಎಟಿಆರ್_ಪ್ರೇಮಿ
ಎಲ್ಲರೂ ಎಟಿಆರ್‌ಗೆ ಬಯ್ಯುತ್ತಿದ್ದೀರಿ. ಬೆಳಗಾವಿ-ಬೆಂಗಳೂರು 450 ಕಿ.ಮೀ. ದಾರಿಗೆ ಎಟಿಆರ್‌ನಷ್ಟು ಉಳಿತಾಯದ ವಿಮಾನ ಇನ್ನೊಂದಿಲ್ಲ. ಜೆಟ್ ಮೇಲೆ ಏರಿ ಸರಿಯಾಗಿ ವೇಗ ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತು. ಹತ್ತು ಹದಿನೈದು ನಿಮಿಷ ಉಳಿಸಲು ಅಷ್ಟು ಇಂಧನ ಸುಡಬೇಕಾ? 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಬೆಂಗಳೂರು-ಹುಬ್ಬಳ್ಳಿ ನಡುವೆ ಶುರುವಾದಾಗ ತಂದಿದ್ದೂ ಎಟಿಆರ್. ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದ್ದು ಅದು, ನಿಮ್ಮ ಜೆಟ್ ಅಲ್ಲ.

ಲೆಕ್ಕದ_ಮನುಷ್ಯ
450 ಕಿ.ಮೀ.ಗೆ ನಿಮ್ಮ ಮಾತು ಒಪ್ಪಿದೆ. ಅಹಮದಾಬಾದ್, ಜೋಧಪುರಕ್ಕೆ ಎಟಿಆರ್‌ನಲ್ಲಿ ಕೂತು ನೋಡಿ, ಸೊಂಟ ಹೇಳುತ್ತದೆ. ಹತ್ತಿರಕ್ಕೆ ಎಟಿಆರ್, ದೂರದ ಸಣ್ಣ ಊರಿಗೆ 50-76 ಸೀಟಿನ ಜೆಟ್, ದೆಹಲಿಗೆ ಏರ್‌ಬಸ್. ಒಂದೇ ಜಾತಿಯ ವಿಮಾನ ಎಲ್ಲಾ ಕಡೆ ಆಗಲ್ಲ.

ಖಾನಾಪುರ_ಕಾಡು
ಚೋರ್ಲಾ ಘಾಟ್ ಇಳಿದರೆ ಗೋವಾದ ಮೋಪಾ ವಿಮಾನ ನಿಲ್ದಾಣ. ಅಲ್ಲಿ ಬೇಕಾದಷ್ಟು ಏರ್‌ಬಸ್.

ಸದಾಶಿವನಗರ_ಅಕ್ಕ
ಮಳೆಗಾಲದಲ್ಲಿ ಚೋರ್ಲಾ ಇಳಿಯೋದಕ್ಕಿಂತ ವಿಮಾನದಲ್ಲಿ ಕುಲುಕೋದೇ ವಾಸಿ.

ರೈಲೇ_ಸರಿ
2025ರ ಆಗಸ್ಟ್‌ನಲ್ಲಿ ಬೆಳಗಾವಿ-ಬೆಂಗಳೂರು ವಂದೇ ಭಾರತ್ ಬಂತು. ಎಂಟೂವರೆ ತಾಸು. ವಿಮಾನಕ್ಕೆ ಅಂತ ಮನೆ ಬಿಟ್ಟು ಸಾಂಬ್ರಾಕ್ಕೆ ಹೋಗಿ, ಕಾದು, ಹಾರಿ, ದೇವನಹಳ್ಳಿಯಲ್ಲಿ ಇಳಿದು, ಬ್ಯಾಗ್ ತಗೊಂಡು, ಟ್ರಾಫಿಕ್‌ನಲ್ಲಿ ಜಯನಗರ ಮುಟ್ಟಲು ಐದಾರು ತಾಸು ಹಿಡಿಯುತ್ತದೆ. ದುಡ್ಡು ಎಷ್ಟು ಉಳಿಯಿತು ಲೆಕ್ಕ ಹಾಕಿ.

ಲೆಕ್ಕದ_ಮನುಷ್ಯ
ಬೆಂಗಳೂರಿಗೆ ಸರಿ. ಈ ಅಣ್ಣ ಕೇಳಿದ್ದು ಮುಂಬೈ.

ಶಹಾಪುರ_ವ್ಯಾಪಾರಿ
ನನ್ನ ದೂರು ಬೇರೆ. ಹೋದ ವರ್ಷ ಒಂದು ಕಂಪನಿಯವರು (ಹೆಸರು ಬೇಡ) ಹೊರಡುವ ಹೊತ್ತಿಗೆ ವಿಮಾನ ಕೆಟ್ಟಿದೆ ಅಂತ ರದ್ದು ಮಾಡಿದರು. ದೊಡ್ಡ ಕಂಪನಿ ಆದರೆ ಇನ್ನೊಂದು ವಿಮಾನ ತರುತ್ತದೆ. ಸಣ್ಣವರ ಹತ್ತಿರ ಕೈಬೆರಳಲ್ಲಿ ಎಣಿಸುವಷ್ಟು ವಿಮಾನ. ಒಂದು ನಿಂತರೆ ಆ ದಿನದ ನಾಲ್ಕು ಊರು ನಿಲ್ಲುತ್ತವೆ. ದುಡ್ಡು ವಾಪಸ್ ಬಂತು, ಸುಳ್ಳು ಹೇಳಲ್ಲ. ಆದರೆ ಮದುವೆ ಹೋಯಿತು.

ಉದ್ಯಮಬಾಗ್_ಲೇಥ್
ನೀವು ಹೇಳಿದ್ದು ಸರಿಯಾದ ಮಾತು ರೀ. ಸಣ್ಣ ಜೆಟ್‌ನ ನಿಜವಾದ ತೊಂದರೆ ಅದೇ, ಕುಲುಕುವುದಲ್ಲ. ಅದೇ ವಿಮಾನ ಬೆಳಿಗ್ಗೆ ಒಂದು ಊರು, ಹತ್ತಕ್ಕೆ ಇನ್ನೊಂದು, ಮಧ್ಯಾಹ್ನ ಮತ್ತೊಂದು ಅಂತ ಸುತ್ತುತ್ತಿರುತ್ತದೆ. ಬೆಳಿಗ್ಗೆ ಒಂದು ಕಡೆ ತಡ ಆದರೆ ಸಂಜೆಯವರಿಗೂ ಅದೇ ತಡ. ಪ್ರಯಾಣಿಕರ 145 ಮಾಡುವುದನ್ನು ಎಂಬ್ರೇರ್ ನಿಲ್ಲಿಸಿದೆ. ಬಿಡಿಭಾಗ ಸಿಗುತ್ತದೆ, ಆದರೆ ನಮ್ಮ ದೇಶದಲ್ಲಿ ಈ ಮಾದರಿ ಕಡಿಮೆ ಇರುವುದರಿಂದ ಪಕ್ಕದ ಕಂಪನಿಯಿಂದ ಕಡ ಇಸಿದು ಹಾಕುವ ಹಾಗಿಲ್ಲ. ಏರ್‌ಬಸ್‌ಗೆ ಆದರೆ ನೂರಾರು ವಿಮಾನ ಇವೆ.

ಹಾಗಾಗಿ ಮದುವೆ, ಪರೀಕ್ಷೆ, ಆಪರೇಷನ್ ಇದ್ದರೆ ಹಿಂದಿನ ದಿನವೇ ಹೋಗಿ. ಮುಂಬೈನಲ್ಲಿ ಮುಂದಿನ ವಿಮಾನ ಹಿಡಿಯುವುದಿದ್ದರೆ ನಡುವೆ ಬೇಕಾದಷ್ಟು ಹೊತ್ತು ಇಟ್ಟುಕೊಳ್ಳಿ.

ಎ320_ಅಭಿಮಾನಿ
ಕೊನೆಗೂ ನನ್ನ ಮಾತಿಗೇ ಬಂದಿರಿ.

ಉದ್ಯಮಬಾಗ್_ಲೇಥ್
ಬಂದಿಲ್ಲ. ಆ ದಿನ ಏರ್‌ಬಸ್ ಕಾಯುತ್ತಾ ಕೂತಿದ್ದರೆ ಆ ಊರಿಗೆ ವಿಮಾನವೇ ಇರುತ್ತಿರಲಿಲ್ಲ. ವರ್ಷದಲ್ಲಿ ಕೆಲವು ದಿನ ರದ್ದಾಗುವ ವಿಮಾನ, ವರ್ಷವಿಡೀ ಇಲ್ಲದ ವಿಮಾನಕ್ಕಿಂತ ಮೇಲು.

ಪಿರನವಾಡಿ_ಪಾಟೀಲ
ಕುಂದಾ ಒಯ್ಯಲು ಬಿಡುತ್ತಾರಾ? ಮುಂಬೈನ ಬೀಗರು ಕುಂದಾ ಇಲ್ಲದಿದ್ದರೆ ಬಾಗಿಲು ತೆಗೆಯಲ್ಲ.

ಸದಾಶಿವನಗರ_ಅಕ್ಕ
ಗಟ್ಟಿ ಕುಂದಾ ಡಬ್ಬಿಯಲ್ಲಿ ಪ್ಯಾಕ್ ಮಾಡಿಸಿ ಒಯ್ದಿದ್ದೇನೆ, ಯಾರೂ ಏನೂ ಅನ್ನಲಿಲ್ಲ. ತೀರಾ ಮೆತ್ತಗಿದ್ದರೆ ಚೆಕಿಂಗ್‌ನಲ್ಲಿ ಕಿರಿಕಿರಿ, ಲಗೇಜಿಗೆ ಹಾಕಿ. ಉಪ್ಪಿನಕಾಯಿ ಎಣ್ಣೆ ಇಳಿಯುವಂಥದ್ದು ಬೇಡವೇ ಬೇಡ.

ಬಾಗಲಕೋಟೆ_ಬಸ್‌ಸ್ಟ್ಯಾಂಡ್
ಅಮೀನಗಡ ಕರದಂಟು ಒಯ್ಯಿರಿ. ವಿಮಾನಕ್ಕಿಂತ ಗಟ್ಟಿ.

ಟಿಳಕವಾಡಿ_ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೆ ನೇತ್ರದ ಕತೆ ಹೇಳಿದೆ, ಅಲ್ಲಿಗೆ ಅರ್ಧ ಕರಗಿದರು. ಎಡಗಡೆ ಒಂದೇ ಸೀಟು ಅಂದಿದ್ದಕ್ಕೆ ಪೂರ್ತಿ ಒಪ್ಪಿದರು. ಈಗ ಹೊಸ ಜಗಳ. ಆ ಸೀಟು ತನಗೇ ಬೇಕು ಅಂತ ಅತ್ತೆ. ಒಂದರ ಹಿಂದೆ ಒಂದು ಎರಡು ಸಿಗುತ್ತವಾ?

ಸದಾಶಿವನಗರ_ಅಕ್ಕ
ಸಿಗುತ್ತವೆ, ಬೇಗ ಬುಕ್ ಮಾಡಿ. ಆದಷ್ಟು ಮುಂದಿನ ಸಾಲು ತಗೊಳ್ಳಿ. ಹಿಂದಿನ ಸಾಲುಗಳಲ್ಲಿ ಕಿಟಕಿ ಪಕ್ಕವೇ ಎಂಜಿನ್. ಹೊರಗೆ ನೋಡಿದರೆ ಅದೇ ಕಾಣುವುದು, ಸದ್ದಿಗೆ ಮಾತು ಕೇಳಲ್ಲ. ಮುಂದೆ ಕೂತರೆ ಎಷ್ಟು ನಿಶ್ಶಬ್ದ ಅಂದರೆ ಪಕ್ಕದವರ ಗೊರಕೆ ಕೇಳುತ್ತದೆ.

ಮಾಜಿ_ಏರ್‌ಮನ್
ನೆಗಡಿ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಲಿ. ಇಳಿಯುವಾಗ ಕಿವಿ ಕಟ್ಟುತ್ತದೆ, ಬಾಯಲ್ಲಿ ಏನಾದರೂ ಇಟ್ಟುಕೊಂಡು ಚಪ್ಪರಿಸುತ್ತಾ ನುಂಗುತ್ತಾ ಇರಲು ಹೇಳಿ.

ಗುಮ್ಮಟನಗರಿ
ಲೆಕ್ಕದ ಮನುಷ್ಯರೇ, ನಮ್ಮ ವಿಜಯಪುರ ಶುರುವಾದರೆ ಯಾವ ವಿಮಾನ ಬರುತ್ತದೆ ಅಂತೀರಿ?

ಲೆಕ್ಕದ_ಮನುಷ್ಯ
ರನ್‌ವೇ ಏರ್‌ಬಸ್‌ಗೆ ಕಟ್ಟಿದ್ದರೂ ನನ್ನ ಪ್ರಕಾರ ಮೊದಲು ಬರುವುದು ಎಟಿಆರ್, ಇಲ್ಲಾ 76 ಸೀಟಿನ ಎಂಬ್ರೇರ್. ದ್ರಾಕ್ಷಿ, ನಿಂಬೆ ವ್ಯಾಪಾರದವರು, ಗೋಳಗುಮ್ಮಟ ನೋಡುವವರು, ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಸೇರಿ ದಿನಕ್ಕೆ ಒಂದು ಸಣ್ಣ ವಿಮಾನ ತುಂಬಿಸಿದರೆ ಎರಡನೆಯದು ತಾನಾಗಿ ಬರುತ್ತದೆ.

ಎ320_ಅಭಿಮಾನಿ
ಬರೆದಿಟ್ಟುಕೊಳ್ಳಿ, ವಿಜಯಪುರಕ್ಕೆ ಏರ್‌ಬಸ್ಸೇ ಮೊದಲು.

ಬಾಗಲಕೋಟೆ_ಬಸ್‌ಸ್ಟ್ಯಾಂಡ್
ಯಾವುದೇ ಬರಲಿ, ಬಾಗಲಕೋಟೆಯಿಂದ ಅಲ್ಲಿಗೆ ಬಸ್ಸು ಬಿಡಿ ಮಾರಾಯರೇ. ಎರಡೇ ತಾಸಿನ ದಾರಿ.